ಕಿಯಾ ಕಾರನ್ನು ನಂಬಿ ಕೊಳ್ಳಬಹುದೇ?

ಪ್ರಶ್ನೆ: ತುಮಕೂರಿನಲ್ಲಿದ್ದೇನೆ. ವಾರಕ್ಕೆ ಮೂರು ದಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರುತ್ತೇನೆ, ವರ್ಷಕ್ಕೆರಡು ಸಲ ಮನೆಮಂದಿಯೆಲ್ಲ ಶೃಂಗೇರಿ, ಹೊರನಾಡಿಗೆ ಹೋಗುತ್ತೇವೆ. 2020ರ ಎರಡು ಕಿಯಾ ಸೆಲ್ಟೋಸ್ ಸೆಕೆಂಡ್‌ಹ್ಯಾಂಡ್ ಕಾರುಗಳನ್ನು ನೋಡಿದ್ದೇನೆ. ಒಂದು 1.4 ಟರ್ಬೊ ಪೆಟ್ರೋಲ್ ಡಿಸಿಟಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್), ಇನ್ನೊಂದು ಡೀಸೆಲ್ ಆಟೊಮ್ಯಾಟಿಕ್. ಅಟ್ಲಾಂಟಾದಲ್ಲಿರುವ ಅಣ್ಣ "ಅಮೆರಿಕದಲ್ಲಿ ಕಿಯಾ ಇಂಜಿನ್‌ಗಳು ಒಳಗೇ ಬಿಗಿದುಕೊಂಡು ಸೀಜ್ ಆಗಿವೆ, ಕಾರುಗಳು ಕಳುವಾಗಿವೆ, ಬೇಡ" ಅನ್ನುತ್ತಾನೆ. ಮಾವನವರು "ಅದು ಹ್ಯುಂಡೈನದೇ ಇನ್ನೊಂದು ಹೆಸರು, ಧೈರ್ಯವಾಗಿ ತಗೊ" ಅನ್ನುತ್ತಾರೆ. ಈ ಕಂಪನಿಯ ಪೂರ್ವಾಪರವೇನು? ಕಾರು ಇಟ್ಟುಕೊಂಡವರು ನಿಜಕ್ಕೂ ಏನು ಹೇಳುತ್ತಾರೆ?

ಉತ್ತರ:

ನಿಮ್ಮ ಅಣ್ಣ ಹೇಳಿದ್ದು ನಿಜ. ಆದರೆ ಅಲ್ಲಿ ಕೆಟ್ಟ ಇಂಜಿನ್ ನೀವು ನೋಡಿರುವ ಎರಡು ಕಾರುಗಳಲ್ಲಿಯೂ ಇಲ್ಲ. ಮಾವನವರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಹಳೆಯ ಕಾರುಗಳನ್ನು ಪರೀಕ್ಷಿಸಿ ಹೇಳುವ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ನಾನು ಮೊದಲೇ ಹೇಳಬೇಕಾದದ್ದು ಇಷ್ಟು: ಕಂಪನಿಯ ಹೆಸರು ನೋಡಿ ಹೂಂ ಅನ್ನುವುದೂ ಊಹೂಂ ಅನ್ನುವುದೂ ಎರಡೂ ತಪ್ಪಾಗುತ್ತದೆ. ಯಾವ ಇಂಜಿನ್, ಯಾವ ಗೇರ್‌ಬಾಕ್ಸ್, ಯಾವ ವರ್ಷದ ತಯಾರಿ, ಅದು ಓಡುವ ರಸ್ತೆ ಯಾವುದು ಎಂಬುದರ ಮೇಲೆ ಮಾಲೀಕರ ಅಭಿಪ್ರಾಯವೇ ಬದಲಾಗುತ್ತದೆ. ಕಿಯಾ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಏಕೆಂದು ತಿಳಿಯಲು ಅದರ ಚರಿತ್ರೆಯಿಂದಲೇ ಹೊರಡಬೇಕು.

1944ರ ಡಿಸೆಂಬರ್‌ನಲ್ಲಿ, ಕೊರಿಯಾ ಇನ್ನೂ ಜಪಾನಿನ ಆಳ್ವಿಕೆಯಲ್ಲಿದ್ದಾಗ, ಕಿಮ್ ಚುಲ್-ಹೋ ಎಂಬ ಉದ್ಯಮಿ ಸೋಲ್ ನಗರದಲ್ಲಿ ಉಕ್ಕಿನ ಕೊಳವೆ ಮತ್ತು ಸೈಕಲ್ಲಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ ತೆರೆದರು. ಆಗ ಅದರ ಹೆಸರು ಕ್ಯೊಂಗ್‌ಸಂಗ್ ಪ್ರಿಸಿಷನ್ ಇಂಡಸ್ಟ್ರಿ. ಕೊರಿಯಾ ಯುದ್ಧ ಬಂದಾಗ ಕಾರ್ಖಾನೆ ದಕ್ಷಿಣದ ಬಂದರು ನಗರ ಬುಸಾನ್‌ಗೆ ಹೋಯಿತು. 1952ರಲ್ಲಿ ಅಲ್ಲಿ ಅದು ಕಿಯಾ ಎಂಬ ಹೆಸರು ಪಡೆಯಿತು, ‘ಏಷ್ಯಾದಿಂದ ಎದ್ದು ಬರುವುದು’ ಎಂದು ಅದರ ಅರ್ಥ. ಅದೇ ವರ್ಷ ದೇಶದ ಮೊದಲ ಸ್ವದೇಶಿ ಸೈಕಲ್ಲನ್ನು ಹೊರತಂದಿತು. ಆ ಸೈಕಲ್ಲಿಗೆ ಇಟ್ಟ ಹೆಸರು ಸಂಚೊಲ್ಲಿ, ಅಂದರೆ ಮೂರು ಸಾವಿರ ‘ರಿ’. ಕೊರಿಯಾ ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲ್ಲಿನ ಜನ ಹೇಳುವ ಅಳತೆ ಅದು. ದೇಶ ಎರಡು ಹೋಳಾಗಿ ಕಾದಾಡುತ್ತಿದ್ದ ದಿನಗಳಲ್ಲಿ ಇಡೀ ನಾಡಿನ ಉದ್ದವನ್ನೇ ಒಂದು ಸೈಕಲ್ಲಿಗೆ ಹೆಸರಾಗಿ ಇಟ್ಟವರ ಮನಸ್ಸನ್ನು ನೆನೆದಾಗಲೆಲ್ಲ ನನಗೆ ಈ ಕಂಪನಿಯ ಬಗ್ಗೆ ಗೌರವ ಹುಟ್ಟುತ್ತದೆ.

1962ರಲ್ಲಿ ಜಪಾನಿನ ಮಾಜ್ದಾ ಪರವಾನಗಿಯಿಂದ ಕೆ-360 ಎಂಬ ಮೂರು ಚಕ್ರದ ಪುಟ್ಟ ಟ್ರಕ್ ಬಂತು. 1973ರಲ್ಲಿ ಸೋಲ್ ಪಕ್ಕದ ಸೊಹಾರಿಯಲ್ಲಿ ದೊಡ್ಡ ಕಾರ್ಖಾನೆ, ಮರುವರ್ಷವೇ ಮಾಜ್ದಾ ಮಾದರಿಯನ್ನು ಆಧರಿಸಿದ ಬ್ರಿಸಾ ಕಾರು. ಹೀಗೆ ಕಂಪನಿ ಕಾಲೂರುತ್ತಿದ್ದಂತೆಯೇ ಮೊದಲ ಪೆಟ್ಟು ಬಿತ್ತು. 1981ರಲ್ಲಿ ಮಿಲಿಟರಿ ಸರ್ಕಾರವು ದೇಶದಲ್ಲಿ ಕಾರು ತಯಾರಕರು ಹೆಚ್ಚಾಗಿದ್ದಾರೆಂದು ತೀರ್ಮಾನಿಸಿ, ಯಾರು ಏನು ಮಾಡಬೇಕೆಂದು ತಾನೇ ಹಂಚಿಕೊಟ್ಟಿತು. ಕಿಯಾ ಪಾಲಿಗೆ ಬಂದದ್ದು ಸಣ್ಣ ಟ್ರಕ್ಕು ಮತ್ತು ವ್ಯಾನು. ಕಾರು ಮಾಡುವಂತಿಲ್ಲ ಎಂದಾಯಿತು.

ಕಾರು ಕಂಪನಿಯಿಂದ ಕಾರನ್ನೇ ಕಿತ್ತುಕೊಂಡರೆ ಉಳಿಯುವುದು ಏನು? ಉಳಿದದ್ದು ಬೊಂಗೊ ಎಂಬ ವ್ಯಾನು. ಹನ್ನೆರಡು ಜನ ಕೂರಬಹುದಾದ ಆ ವ್ಯಾನನ್ನು ಅಂಗಡಿಯವರು, ಸಣ್ಣ ವ್ಯಾಪಾರಿಗಳು, ದೊಡ್ಡ ಕುಟುಂಬದವರು ಮುಗಿಬಿದ್ದು ಕೊಂಡರು. ನಮ್ಮಲ್ಲಿ ಯಾವ ವನಸ್ಪತಿಯನ್ನಾದರೂ ಡಾಲ್ಡಾ ಅಂದ ಹಾಗೆ, ಕೊರಿಯಾದಲ್ಲಿ ಯಾವ ಕಂಪನಿಯ ವ್ಯಾನನ್ನಾದರೂ ಬೊಂಗೊ ಎನ್ನುವ ವಾಡಿಕೆ ಬಂತು. ಮುಳುಗುತ್ತಿದ್ದ ಕಂಪನಿ ಅದರಿಂದಲೇ ಮೇಲೆದ್ದಿತು. ಆ ಪ್ರಸಂಗಕ್ಕೆ ಅಲ್ಲಿ ‘ಬೊಂಗೊ ಪುರಾಣ’ ಎಂಬ ಹೆಸರೇ ಇದೆ.

ನಿರ್ಬಂಧ ಸಡಿಲವಾದ ಮೇಲೆ 1987ರಲ್ಲಿ ಪ್ರೈಡ್ ಬಂತು. ವಿನ್ಯಾಸ ಮಾಜ್ದಾದ್ದು, ತಯಾರಿ ಕಿಯಾದ್ದು, ಅಮೆರಿಕದಲ್ಲಿ ಫೆಸ್ಟಿವಾ ಎಂಬ ಹೆಸರಿನಲ್ಲಿ ಮಾರಿದ್ದು ಫೋರ್ಡ್. ಸರಳವಾದ, ರಿಪೇರಿಗೆ ಸುಲಭವಾದ ಈ ಕಾರು ಇರಾನಿನಲ್ಲಿ 2020ರವರೆಗೂ ತಯಾರಾಗುತ್ತಲೇ ಇತ್ತು. ಕೊಳ್ಳುವವರು ಮೂರು ದಶಕ ಬಿಡದ ಕಾರನ್ನು ಕೆಟ್ಟ ಕಾರೆಂದು ನಾನು ಹೇಳಲಾರೆ. ಆದರೆ ಅದರ ಸುರಕ್ಷತೆ ಇಂದಿನ ಅಳತೆಗೆ ತೀರ ಹಿಂದುಳಿದಿತ್ತು ಎಂಬುದೂ ನಿಜವೇ.

ಎರಡನೆಯ ಪೆಟ್ಟು 1997ರದು. ಹ್ಯುಂಡೈ, ಸ್ಯಾಮ್‌ಸಂಗ್‌ಗಳಿಗಿರುವಂಥ ಒಡೆಯರ ಮನೆತನ ಕಿಯಾಗೆ ಇರಲಿಲ್ಲ. ವೃತ್ತಿಪರ ಆಡಳಿತಗಾರರು ನಡೆಸುತ್ತಿದ್ದ ಅದನ್ನು ಕೊರಿಯಾದ ಜನ ‘ಜನರ ಕಂಪನಿ’ ಎಂದು ಹೆಮ್ಮೆಯಿಂದ ಕರೆಯುತ್ತಿದ್ದರು. ಆದರೆ ವಿಶೇಷ ಉಕ್ಕಿನ ಉದ್ದಿಮೆಗೂ ವಿಸ್ತರಣೆಗೂ ಮಾಡಿದ ಸಾಲ ಕುತ್ತಿಗೆಗೆ ಬಂತು. 1997ರ ಜುಲೈನಲ್ಲಿ ಕಿಯಾ ಕುಸಿಯಿತು. ಕೆಲವೇ ತಿಂಗಳಲ್ಲಿ ಇಡೀ ಕೊರಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಬೇಕಾದ ಸ್ಥಿತಿ ಬಂದದ್ದಕ್ಕೆ ಈ ಕುಸಿತವೂ ಒಂದು ಕಾರಣ. 1998ರ ಹರಾಜಿನಲ್ಲಿ ಫೋರ್ಡ್, ಡೇವೂ, ಸ್ಯಾಮ್‌ಸಂಗ್‌ಗಳನ್ನು ಹಿಂದಿಕ್ಕಿ ಹ್ಯುಂಡೈ 51 ಶೇಕಡಾ ಪಾಲನ್ನು ಕೊಂಡಿತು. ಈಗ ಆ ಪಾಲು ಸುಮಾರು ಮೂರನೆಯ ಒಂದರಷ್ಟಿದೆ, ಹಿಡಿತ ಮಾತ್ರ ಹ್ಯುಂಡೈ ಕೈಯಲ್ಲೇ ಇದೆ.

ಹಾಗಾದರೆ ಮಾವನವರು ಹೇಳಿದ್ದು ಸರಿಯೇ? ಇಂಜಿನ್, ಗೇರ್‌ಬಾಕ್ಸ್, ಕಾರಿನ ತಳಪಾಯ ಎರಡಕ್ಕೂ ಒಂದೇ. ನೀವು ನೋಡಿರುವ ಸೆಲ್ಟೋಸ್‌ನ ಎರಡೂ ಇಂಜಿನ್‌ಗಳು ಅದೇ ಕಾಲದ ಹ್ಯುಂಡೈ ಕ್ರೆಟಾದಲ್ಲೂ ಇವೆ. ಆದ್ದರಿಂದ ಕ್ರೆಟಾ ಇಟ್ಟುಕೊಂಡವರ ಅನುಭವವನ್ನೂ ನೀವು ಧಾರಾಳವಾಗಿ ಕೇಳಬಹುದು. ವಿನ್ಯಾಸ, ಸಸ್ಪೆನ್ಷನ್ ಹೊಂದಾಣಿಕೆ, ಮಾರಾಟ ಮತ್ತು ಸರ್ವೀಸ್ ಜಾಲ ಮಾತ್ರ ಬೇರೆ ಬೇರೆ.

ಎರಡು ಸಲ ಸಾವಿನಂಚಿಗೆ ಹೋಗಿ ಬಂದ ಈ ಕಂಪನಿ ಗಿರಾಕಿಯನ್ನು ಮತ್ತೆ ಕರೆತರಲು ಹಿಡಿದದ್ದು ಮೂರು ದಾರಿ: ಕೊಟ್ಟ ಹಣಕ್ಕೆ ಹೆಚ್ಚು ಸಲಕರಣೆ, ಉದ್ದನೆಯ ವಾರಂಟಿ, ಕಣ್ಣು ಸೆಳೆಯುವ ರೂಪ. ಅಮೆರಿಕದಲ್ಲಿ ಇಂಜಿನ್-ಗೇರ್‌ಬಾಕ್ಸ್‌ಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿ, ಯುರೋಪಿನಲ್ಲಿ ಏಳು ವರ್ಷ ವಾರಂಟಿ ಕೊಟ್ಟಿತು. ಔಡಿ ಟಿಟಿ ಕಾರಿನ ರೂಪಕ್ಕೆ ಹೆಸರಾದ ಪೀಟರ್ ಶ್ರೇಯರ್ ಅವರನ್ನು 2006ರಲ್ಲಿ ಕರೆತಂದಿತು. ಇಂದು ಕಿಯಾ ಕಾರುಗಳ ಮುಂಭಾಗದಲ್ಲಿ ಕಾಣುವ ‘ಹುಲಿಮೂಗು’ ಆಕಾರದ ಗ್ರಿಲ್ ಅವರ ಕಾಲದ್ದು. ಗುಣಮಟ್ಟವೂ ಏರಿತು. ಹೊಸ ಕಾರು ಕೊಂಡ ಮೊದಲ ಮೂರು ತಿಂಗಳಲ್ಲಿ ಮಾಲೀಕರು ಹೇಳುವ ದೂರುಗಳನ್ನು ಲೆಕ್ಕ ಹಾಕುವ ಜೆ.ಡಿ. ಪವರ್ ಸಮೀಕ್ಷೆಯಲ್ಲಿ 2016ರಲ್ಲಿ, ಮೂರು ವರ್ಷ ಹಳೆಯ ಕಾರುಗಳ ಬಾಳಿಕೆಯ ಸಮೀಕ್ಷೆಯಲ್ಲಿ 2022ರಲ್ಲಿ, ದುಬಾರಿ ಬ್ರ್ಯಾಂಡ್‌ಗಳನ್ನೂ ಹಿಂದಿಕ್ಕಿ ಕಿಯಾ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು.

ಅದೇ ಅಮೆರಿಕದಲ್ಲಿ, ಅದೇ ವರ್ಷಗಳಲ್ಲಿ, ನಿಮ್ಮ ಅಣ್ಣ ಹೇಳಿದ ಎರಡು ಹಗರಣಗಳೂ ನಡೆದವು. ಒಂದು, ಥೀಟಾ-2 ಎಂಬ 2.0 ಮತ್ತು 2.4 ಲೀಟರ್ ಪೆಟ್ರೋಲ್ ಇಂಜಿನ್‌ನದು. ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಆಯಿಲ್ ಹರಿಯಲೆಂದು ಕೊರೆಯುವ ಸಣ್ಣ ರಂಧ್ರಗಳಲ್ಲಿ, ಕೊರೆದಾಗ ಉದುರಿದ ಲೋಹದ ಚೂರುಗಳು ಪೂರ್ತಿ ಶುಚಿಯಾಗದೆ ಉಳಿದುಕೊಂಡವು. ಆ ಚೂರು ದಾರಿಗೆ ಅಡ್ಡ ಬಂದರೆ ಕನೆಕ್ಟಿಂಗ್ ರಾಡ್‌ನ ಬೇರಿಂಗ್‌ಗೆ ಆಯಿಲ್ ತಲುಪುವುದಿಲ್ಲ. ಬೇರಿಂಗ್ ಸವೆಯುತ್ತದೆ, ಇಂಜಿನ್ ಒಳಗಿನಿಂದ ‘ಟಕ್ ಟಕ್’ ಬಡಿತ ಶುರುವಾಗುತ್ತದೆ, ಕೊನೆಗೆ ಹೆದ್ದಾರಿಯಲ್ಲೇ ಸೀಜ್ ಆಗುತ್ತದೆ. ಲಕ್ಷಾಂತರ ಕಾರುಗಳನ್ನು ರಿಪೇರಿಗೆ ಹಿಂದಕ್ಕೆ ಕರೆಸಬೇಕಾಯಿತು (ರಿಕಾಲ್ ಎನ್ನುವುದು ಇದನ್ನೇ). ಹಿಂದಕ್ಕೆ ಕರೆಸುವುದನ್ನು ತಡಮಾಡಿದ್ದಕ್ಕಾಗಿ 2020ರಲ್ಲಿ ಹ್ಯುಂಡೈ ಮತ್ತು ಕಿಯಾಗೆ ಒಟ್ಟು 21 ಕೋಟಿ ಡಾಲರ್ ದಂಡದ ಒಪ್ಪಂದವಾಯಿತು. ದೋಷವನ್ನು ಬಯಲಿಗೆ ತಂದವರು ಹ್ಯುಂಡೈನಲ್ಲಿ ದೀರ್ಘಕಾಲ ದುಡಿದ ಇಂಜಿನಿಯರ್ ಕಿಮ್ ಗ್ವಾಂಗ್-ಹೋ. ಅಮೆರಿಕ ಸರ್ಕಾರ ಅವರಿಗೆ 2021ರಲ್ಲಿ 2.4 ಕೋಟಿ ಡಾಲರ್‌ಗೂ ಹೆಚ್ಚಿನ ಬಹುಮಾನ ಕೊಟ್ಟಿತು. ಕೆಲಸವನ್ನೇ ಪಣವಿಟ್ಟು ಸತ್ಯ ಹೇಳಿದ ಅಂಥವರಿಂದಲೇ ನಮ್ಮ ನಿಮ್ಮಂಥವರ ಕಾರು ಸುರಕ್ಷಿತವಾಗುವುದು.

ಎರಡು, ಕಳ್ಳತನ. 2011ರಿಂದ 2021ರವರೆಗೆ ಅಮೆರಿಕದಲ್ಲಿ ಮಾರಿದ, ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಅನೇಕ ಮಾದರಿಗಳಲ್ಲಿ ಖರ್ಚು ಉಳಿಸಲು, ಸರಿಯಾದ ಕೀಲಿಯಿಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಜರ್ ಕೊಟ್ಟಿರಲಿಲ್ಲ. ಸ್ಟೀರಿಂಗ್ ಕೆಳಗಿನ ಮುಚ್ಚಳ ಕಿತ್ತು, ಯುಎಸ್‌ಬಿ ಕೇಬಲ್ಲಿನ ತುದಿಯನ್ನೇ ಕೀಲಿಯಂತೆ ತಿರುಗಿಸಿ ಹುಡುಗರು ಕಾರು ಒಯ್ಯುವ ವಿಡಿಯೊಗಳು ಹರಡಿದವು. ಕಾನೂನು ಕಡ್ಡಾಯ ಮಾಡಿದ್ದ ಕೆನಡಾದಲ್ಲಿ ಅದೇ ಕಾರುಗಳಿಗೆ ಇಮ್ಮೊಬಿಲೈಜರ್ ಇತ್ತು ಎಂಬುದನ್ನು ಗಮನಿಸಿ. ಕಾನೂನು ಕೇಳದಿದ್ದರೆ ತಾವಾಗಿ ಕೊಡುವುದಿಲ್ಲ ಎಂಬ ಈ ನಡವಳಿಕೆ ನನಗೆ ಆ ಇಂಜಿನ್ ದೋಷಕ್ಕಿಂತ ಹೆಚ್ಚು ಬೇಸರ ತರಿಸುತ್ತದೆ.

ಕೊರಿಯಾದವರೇ ಈ ಅನುಮಾನವನ್ನು ಬಹುಕಾಲ ಸಾಕಿಕೊಂಡು ಬಂದಿದ್ದಾರೆ. ಅಲ್ಲಿ ಹ್ಯುಂಡೈ-ಕಿಯಾ ಎರಡನ್ನೂ ಸೇರಿಸಿ ‘ಹ್ಯೊನ್-ಗಿ’ ಎಂದು ಚಿಕ್ಕದಾಗಿ ಕರೆಯುತ್ತಾರೆ. ಅಸಮಾಧಾನಗೊಂಡ ಮಾಲೀಕರು ಅದನ್ನೇ ‘ಹ್ಯುಂಗ್-ಗಿ’ ಎಂದು ತಿರುಚಿದರು, ಅಂದರೆ ಕೊಲ್ಲುವ ಆಯುಧ. ರಫ್ತಿನ ಕಾರಿಗೆ ಒಳ್ಳೆಯ ಉಕ್ಕು, ಸ್ವದೇಶದ ಕಾರಿಗೆ ಕಡಿಮೆ ದರ್ಜೆಯದು ಎಂಬುದು ಅವರ ದೂರು. ಅದನ್ನು ಸುಳ್ಳೆಂದು ತೋರಿಸಲು ಹ್ಯುಂಡೈ 2015ರಲ್ಲಿ ಅಮೆರಿಕದಲ್ಲಿ ತಯಾರಾದ ಸೊನಾಟಾವನ್ನೂ ಕೊರಿಯಾದಲ್ಲಿ ತಯಾರಾದ ಸೊನಾಟಾವನ್ನೂ ಜನರ ಎದುರಿಗೇ ಮುಖಾಮುಖಿ ಡಿಕ್ಕಿ ಹೊಡೆಸಿತು. ಹಾಗೆಂದು ಕೊರಿಯನ್ನರು ಕಿಯಾ ಬಿಟ್ಟಿಲ್ಲ. ಕಿಯಾದ ಕಾರ್ನಿವಲ್ ಎಂಬ ದೊಡ್ಡ ಕಾರು ಅಲ್ಲಿ ಮಕ್ಕಳಿರುವ ಮನೆಗಳ ಅಚ್ಚುಮೆಚ್ಚಿನ ಬಂಡಿ. ಒಂಬತ್ತು ಸೀಟಿನ ಕಾರ್ನಿವಲ್‌ನಲ್ಲಿ ಆರು ಮಂದಿ ಕೂತಿದ್ದರೆ ಸೋಲ್-ಬುಸಾನ್ ಹೆದ್ದಾರಿಯ ಬಸ್ ಪಥದಲ್ಲಿ ಹೋಗಲು ಅನುಮತಿಯಿದೆ. ಹಬ್ಬಕ್ಕೆ ಊರಿಗೆ ಹೋಗುವ ದಟ್ಟಣೆಯಲ್ಲಿ ಅದರ ಬೆಲೆ ಎಷ್ಟೆಂದು ದೀಪಾವಳಿಯ ಹಿಂದಿನ ಸಂಜೆ ನೆಲಮಂಗಲ ಟೋಲ್ ದಾಟಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಮ್ಮ ಕಡೆಗೆ ಬರೋಣ. ನಿಮ್ಮ ಸೆಲ್ಟೋಸ್ ತಯಾರಾದದ್ದು ನಿಮ್ಮ ಜಿಲ್ಲೆಯ ಗಡಿಗೆ ಸಮೀಪದಲ್ಲೇ. ಮಧುಗಿರಿ, ಪಾವಗಡಗಳ ಆಚೆ, ಆಂಧ್ರದ ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ ಕಾರ್ಖಾನೆ ಇದೆ. ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಗೊಂಡೆಯೇ ಅದು. 2017ರ ಏಪ್ರಿಲ್‌ನಲ್ಲಿ ಒಪ್ಪಂದ, 2019ರ ಆಗಸ್ಟ್‌ನಲ್ಲಿ 9.69 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಸೆಲ್ಟೋಸ್ ಮಾರುಕಟ್ಟೆಗೆ. ವರ್ಷಕ್ಕೆ ಮೂರು ಲಕ್ಷ ಕಾರುಗಳ ಸಾಮರ್ಥ್ಯದ ಕಾರ್ಖಾನೆಯನ್ನು ಆ ಒಣ ಸೀಮೆಯಲ್ಲಿ ಅಷ್ಟು ಬೇಗ ಕಟ್ಟಿ ನಿಲ್ಲಿಸಿದ್ದು ಸಣ್ಣ ಮಾತಲ್ಲ.

ಮೊದಲು ನಿಮ್ಮ ಅಣ್ಣನ ಭಯ ನಿವಾರಿಸುತ್ತೇನೆ. ಥೀಟಾ-2 ಇಂಜಿನ್ ಸೆಲ್ಟೋಸ್‌ಗೆ ಇಲ್ಲಿ ಬಂದೇ ಇಲ್ಲ. ಇಮ್ಮೊಬಿಲೈಜರ್ ಇದೆ. ಇಲ್ಲಿಯ ಮಾಲೀಕರ ಮೆಚ್ಚುಗೆಯೂ ದೂರೂ ಬೇರೆ ಕಡೆಯಿಂದ ಬರುತ್ತವೆ.

ಮೆಚ್ಚುಗೆ ಒಳಾಂಗಣದಿಂದ ಶುರುವಾಗುತ್ತದೆ. ಗಾಳಿಯಾಡುವ ಸೀಟು, ದೊಡ್ಡ ಪರದೆ, ಒಳ್ಳೆಯ ಸ್ಪೀಕರ್, ಬಾಗಿಲು ಮುಚ್ಚಿದಾಗಿನ ಗಟ್ಟಿ ಸದ್ದು, ಐದಾರು ವರ್ಷವಾದರೂ ಕಿರುಗುಟ್ಟದ ಡ್ಯಾಶ್‌ಬೋರ್ಡ್. 1.5 ಲೀಟರ್ ಡೀಸೆಲ್ ಇಂಜಿನ್ ಬಗ್ಗೆ ಬಹುತೇಕ ಮಾಲೀಕರು ಒಂದೇ ದನಿಯಲ್ಲಿ ಒಳ್ಳೆಯ ಮಾತಾಡುತ್ತಾರೆ: ಸದ್ದು ಕಡಿಮೆ, ಪಿಕಪ್ ಸಾಕಷ್ಟು, ಹೆದ್ದಾರಿಯಲ್ಲಿ ಮೈಲೇಜ್ ಚೆನ್ನ.

ದೂರುಗಳಲ್ಲಿ ಮೊದಲನೆಯದು ಗಡುಸು ಸಸ್ಪೆನ್ಷನ್. ಹದಿನೇಳು ಇಂಚಿನ ಚಕ್ರವಿರುವ ಮಾದರಿಗಳಲ್ಲಿ ಹಿಂದಿನ ಸೀಟಿನವರಿಗೆ ಪ್ರತಿ ಹಂಪ್, ಪ್ರತಿ ಗುಂಡಿ ಗೊತ್ತಾಗುತ್ತದೆ. ನಿಮ್ಮ ಮನೆಯ ಹಿರಿಯರನ್ನು ಟೆಸ್ಟ್ ಡ್ರೈವ್‌ನಲ್ಲಿ ಹಿಂದೆಯೇ ಕೂರಿಸಿ ಕೇಳಿ. ಎರಡನೆಯದು ಸುರಕ್ಷತೆ. ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2020ರಲ್ಲಿ ಎರಡು ಏರ್‌ಬ್ಯಾಗಿನ ಸೆಲ್ಟೋಸ್‌ಗೆ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೆ ಮೂರು, ಮಕ್ಕಳ ರಕ್ಷಣೆಯಲ್ಲಿ ಎರಡು ನಕ್ಷತ್ರ ಕೊಟ್ಟು, ಕಾರಿನ ಚೌಕಟ್ಟು ಸ್ಥಿರವಲ್ಲ ಎಂದಿತು. ಆ ವರ್ಷದ ಕಾರುಗಳಲ್ಲಿ ಆರು ಏರ್‌ಬ್ಯಾಗ್ ಇದ್ದದ್ದು ಮೇಲ್ದರ್ಜೆಯ ಆವೃತ್ತಿಗಳಲ್ಲಿ ಮಾತ್ರ. ನೀವು ನೋಡಿರುವುದರಲ್ಲಿ ಎಷ್ಟಿವೆ ಎಂದು ಮಾರುವವರ ಬಾಯಿಮಾತು ನಂಬದೆ ಸೀಟಿನ ಪಕ್ಕದ ಹೊಲಿಗೆಯ ಮೇಲೂ ಕಂಬಗಳ ಮೇಲೂ ಇರುವ ಏರ್‌ಬ್ಯಾಗ್ ಗುರುತನ್ನು ನೀವೇ ನೋಡಿ. ನಂತರ ಬಂದ ಕಿಯಾದ ಇನ್ನೊಂದು ಕಾರು ಸೈರೋಸ್ 2025ರಲ್ಲಿ ನಮ್ಮ ದೇಶದ್ದೇ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆದಿದೆ. ಅದು ಹಳೆಯ ಸೆಲ್ಟೋಸ್‌ಗೆ ಸಲ್ಲುವ ಅಂಕವಲ್ಲ.

ಮೂರನೆಯದು ಡಿಸಿಟಿ. ನಿಮ್ಮ ನಿರ್ಧಾರಕ್ಕೆ ಇದೇ ಮುಖ್ಯವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1.4 ಟರ್ಬೊ ಜೊತೆಗಿರುವ ಏಳು ಗೇರಿನ ಡಿಸಿಟಿಯಲ್ಲಿ ಎರಡು ಕ್ಲಚ್‌ಗಳಿವೆ, ಎರಡೂ ಆಯಿಲ್ ಇಲ್ಲದ ಒಣ ಕ್ಲಚ್‌ಗಳು. ತೆರೆದ ರಸ್ತೆಯಲ್ಲಿ ಗೇರ್ ಬದಲಾದದ್ದೇ ಗೊತ್ತಾಗದಷ್ಟು ಚುರುಕು. ಆದರೆ ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಎರಡಡಿ ಮುಂದೆ, ನಿಲ್ಲು, ಮತ್ತೆರಡಡಿ ಮುಂದೆ ಎಂದು ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತದೆ. ಮ್ಯಾನುಯಲ್ ಕಾರಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಓಡಿಸಿದ ಹಾಗೆ. ಬಿಸಿ ಏರುತ್ತದೆ, ಪರದೆಯ ಮೇಲೆ ಗೇರ್‌ಬಾಕ್ಸ್ ಕಾದಿದೆ ಎಂಬ ಎಚ್ಚರಿಕೆ ಬರುತ್ತದೆ. ವರ್ಷಗಟ್ಟಲೆ ಹೀಗಾದರೆ ಕಾರು ಹೊರಡುವಾಗ ನಡುಗಲು ಶುರುವಾಗುತ್ತದೆ. ಬಳಸಲು ಗೊತ್ತಿದ್ದವರು ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಳ್ಳದೆ ಎರಡು ಕಾರಿನಷ್ಟು ಜಾಗ ಬಿಟ್ಟು, ಬ್ರೇಕನ್ನು ಪೂರ್ತಿ ಒತ್ತಿ ನಿಂತು, ಜಾಗವಾದ ಮೇಲೆ ಒಂದೇ ಸಲಕ್ಕೆ ಹೊರಡುತ್ತಾರೆ. ಅಂಥವರ ಕಾರುಗಳು ಚೆನ್ನಾಗಿಯೇ ಇರುತ್ತವೆ. ಹಿಂದಿನ ಮಾಲೀಕರು ಅಂಥವರೋ ಅಲ್ಲವೋ ಎಂಬುದು ನಿಮಗೆ ಗೊತ್ತಾಗುವುದು ಹೇಗೆ? ಇದೇ ಕಾರಣಕ್ಕೆ ವಾರಂಟಿ ಮುಗಿದ, ಬೆಂಗಳೂರಿನಲ್ಲೇ ಓಡಿದ ಡಿಸಿಟಿ ಕಾರನ್ನು ಕೊಳ್ಳಿರೆಂದು ನಾನು ಯಾರಿಗೂ ಹೇಳುವುದಿಲ್ಲ.

ಡೀಸೆಲ್ ಆಟೊಮ್ಯಾಟಿಕ್‌ನಲ್ಲಿರುವುದು ಆರು ಗೇರಿನ ಟಾರ್ಕ್ ಕನ್ವರ್ಟರ್. ಅದರಲ್ಲಿ ಇಂಜಿನ್ ಶಕ್ತಿ ದ್ರವದ ಮೂಲಕ ದಾಟುವುದರಿಂದ ತೆವಳುವಾಗ ಸವೆಯಲು ಒಣ ಕ್ಲಚ್ ಇಲ್ಲ. ಅದರ ತೊಂದರೆ ಇನ್ನೊಂದು ಕಡೆ ಇದೆ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್‌ನಲ್ಲಿ. ಆ ಮಸಿ ಸುಟ್ಟುಹೋಗಲು ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ದಿನಕ್ಕೆ ಮೂರು ಕಿಲೋಮೀಟರ್ ಓಡಿಸುವವರ ಕಾರಿನಲ್ಲಿ ಡಿಪಿಎಫ್ ದೀಪ ಪದೇ ಪದೇ ಹತ್ತುತ್ತದೆ. "ಡೀಸೆಲ್ ಸೆಲ್ಟೋಸ್ ತಲೆನೋವು" ಅನ್ನುವವರಲ್ಲಿ ಹೆಚ್ಚಿನವರು ಇವರೇ. ನಿಮ್ಮ ಓಡಾಟ ಹಾಗಲ್ಲ. ತುಮಕೂರು ದಾಟಿ ದಾಬಸ್‌ಪೇಟೆ ಕಡೆಗೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನಾಗಿ ಸುಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಬೆಲೆ ಸ್ವಲ್ಪ ಹೆಚ್ಚಾದರೂ ನಿಮಗೆ ನನ್ನ ಸಲಹೆ ಡೀಸೆಲ್ ಕಾರೇ.

ನೋಡಲು ಹೋಗುವ ಹಿಂದಿನ ರಾತ್ರಿಯೇ ಮಾಲೀಕರಿಗೆ ಫೋನ್ ಮಾಡಿ, ನೀವು ಬರುವವರೆಗೆ ಇಂಜಿನ್ ಸ್ಟಾರ್ಟ್ ಮಾಡಬಾರದೆಂದು ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ, ತಣ್ಣಗಿರಬೇಕು. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿ. ಡಿಪಿಎಫ್ ಸುಡುವ ಕೆಲಸ ನಡುವೆಯೇ ಪದೇ ಪದೇ ನಿಂತುಹೋದ ಕಾರಿನಲ್ಲಿ ಸುಡದ ಡೀಸೆಲ್ ಇಳಿದು ಆಯಿಲ್‌ಗೆ ಸೇರಿರುತ್ತದೆ. ಮಟ್ಟ ಮೇಲಿನ ಗೆರೆಯನ್ನೂ ದಾಟಿದ್ದರೆ, ಬೆರಳಿಗೆ ಹಚ್ಚಿ ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಕಾರು ಎಷ್ಟೇ ಹೊಳೆಯುತ್ತಿದ್ದರೂ ಬೇಡ. ಆಯಿಲ್ ಸರಿಯಿದ್ದರೆ ಕಾರನ್ನು ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಒಯ್ದು ಚಾಸಿಸ್ ಸಂಖ್ಯೆ ಕೊಟ್ಟು ಸರ್ವೀಸ್ ಇತಿಹಾಸ, ಬಾಕಿಯಿರುವ ರಿಕಾಲ್ ಕೆಲಸ, ಡಿಪಿಎಫ್‌ನಲ್ಲಿ ತುಂಬಿರುವ ಮಸಿಯ ಪ್ರಮಾಣ ಮೂರನ್ನೂ ಕೇಳಿ. ಎಕ್ಸ್‌ಟೆಂಡೆಡ್ ವಾರಂಟಿ ಉಳಿದಿದ್ದರೆ ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಡುವ ಮಾತನ್ನು, ಮುಂಗಡ ಕೊಡುವ ಮೊದಲು, ಕಾಗದದ ಮೇಲೆ ಬರೆಸಿಕೊಳ್ಳಿ.